ಭಾನುವಾರದ ಸೈಕಲ್ ಸೋಮವಾರ ಕಚೇರಿಗೂ ಬರಬೇಕೆ?

ದಾವಣಗೆರೆಯಲ್ಲಿ ಭಾನುವಾರ ನಸುಕಿನಲ್ಲೇ ಗೇರ್ ಸೈಕಲ್ ಹತ್ತಿ ಕೊಂಡಜ್ಜಿಯ ಕಡೆಗೋ ಹರಿಹರದ ಕಡೆಗೋ ಹೊರಡುವವರು ಈಗ ಅಪರೂಪವಲ್ಲ. ವೈದ್ಯರು, ಅಧ್ಯಾಪಕರು, ಬ್ಯಾಂಕ್ ನೌಕರರು, ಅಂಗಡಿ ಮಾಲೀಕರು ಇವರಲ್ಲಿದ್ದಾರೆ. ಮೂವತ್ತು ಕಿಲೋಮೀಟರ್ ತುಳಿದು ಬಂದವರೇ ಮರುದಿನ ಮೂರು ಕಿಲೋಮೀಟರ್ ದೂರದ ಕೆಲಸಕ್ಕೆ ಸ್ಕೂಟರಿನಲ್ಲೋ ಕಾರಿನಲ್ಲೋ ಹೋಗುತ್ತಾರೆ. ವಿಹಾರದ ಸೈಕಲ್ಲನ್ನು ನಿತ್ಯದ ಓಡಾಟಕ್ಕೂ ಬಳಸಬೇಕೆ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಇಲ್ಲಿವೆ.

ಪರ

ಸೈಕಲ್ಲಿಗೆ ಹೇಳಿ ಮಾಡಿಸಿದ ಊರು ಯಾವುದೆಂದು ಕೇಳಿದರೆ ನಾನು ಹಿಂದುಮುಂದು ನೋಡದೆ ದಾವಣಗೆರೆಯ ಹೆಸರು ಹೇಳುತ್ತೇನೆ. 2011ರ ಜನಗಣತಿಯಲ್ಲೇ ಜನಸಂಖ್ಯೆ ನಾಲ್ಕು ಲಕ್ಷ ದಾಟಿದ್ದರೂ ಊರು ಇನ್ನೂ ಕೈಗೆಟುಕುವಷ್ಟೇ ಇದೆ. ವಿದ್ಯಾನಗರದಿಂದ ಮಂಡಿಪೇಟೆಗೆ, ನಿಟ್ಟುವಳ್ಳಿಯಿಂದ ಪಿ.ಬಿ. ರಸ್ತೆಗೆ, ಎಂಸಿಸಿ ಬಿ ಬ್ಲಾಕಿನಿಂದ ಜಯದೇವ ವೃತ್ತಕ್ಕೆ, ಹೀಗೆ ಎಲ್ಲಿಂದ ಎಲ್ಲಿಗೆ ಅಳೆದರೂ ಐದು ಕಿಲೋಮೀಟರ್ ಮೀರುವ ದಾರಿಗಳು ಕಡಿಮೆ. ಚಿತ್ರದುರ್ಗದಲ್ಲಿ ಕೋಟೆಯ ಬೆಟ್ಟಗಳಿಗೆ ಒರಗಿಕೊಂಡ ಬೀದಿಗಳು ಏರಿಳಿಯುತ್ತವೆ. ಅಲ್ಲಿಯವರು ಏರಿನ ನೆಪ ಹೇಳಿದರೆ ಒಪ್ಪಬಹುದು. ನಮ್ಮ ಊರಿನ ನೆಲದಲ್ಲಿ ಆ ನೆಪಕ್ಕೂ ಜಾಗವಿಲ್ಲ.

ಐದು ಕಿಲೋಮೀಟರನ್ನೇ ಹಿಡಿದು ಲೆಕ್ಕ ಹಾಕೋಣ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ನಿಧಾನವಾಗಿ ತುಳಿದರೂ ಈ ದೂರಕ್ಕೆ 20 ನಿಮಿಷ ಸಾಕು. ಪೇಟೆಯ ಗದ್ದಲದಲ್ಲಿ ಸ್ಕೂಟರಿನ ಸರಾಸರಿ ವೇಗ 25 ಎಂದು ಉದಾರವಾಗಿ ಹಿಡಿದರೂ ಅದಕ್ಕೆ 12 ನಿಮಿಷ ಬೇಕು. ಒಂದು ಸಲಕ್ಕೆ ಉಳಿಯುವುದು 8 ನಿಮಿಷ. ಆ 8 ನಿಮಿಷವನ್ನು ನಾವು ಕಚೇರಿಯ ಮುಂದೆ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಾ ಕಳೆಯುತ್ತೇವೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿಲ್ಲ. ಇನ್ನೊಂದು ಕಡೆ, ಹೋಗಲು 20 ನಿಮಿಷ, ಬರಲು 20 ನಿಮಿಷ, ವಾರಕ್ಕೆ ಐದು ದಿನ ಎಂದರೆ 200 ನಿಮಿಷಗಳ ವ್ಯಾಯಾಮ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ತೀವ್ರತೆಯ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾನುವಾರ ಒಂದೇ ದಿನ ಮೂರು ಗಂಟೆ ಬೆವರು ಹರಿಸಿ ಉಳಿದ ಆರು ದಿನ ಕುರ್ಚಿಗೆ ಅಂಟಿಕೊಳ್ಳುವುದಕ್ಕಿಂತ, ಅದೇ ಶ್ರಮವನ್ನು ವಾರವಿಡೀ ಹಂಚಿಕೊಳ್ಳುವುದು ದೇಹಕ್ಕೆ ಹಿತವೆಂದು ನನ್ನ ನಂಬಿಕೆ. ಪೆಟ್ರೋಲಿನ ಉಳಿತಾಯದ ಬಗ್ಗೆ ನಾನು ಹೆಚ್ಚು ಮಾತನಾಡುವುದಿಲ್ಲ. ದಿನಕ್ಕೆ ಹತ್ತು ಕಿಲೋಮೀಟರ್ ಓಡುವ ಸ್ಕೂಟರಿಗೆ ತಿಂಗಳಿಗೆ ಆರುನೂರು ರೂಪಾಯಿಯೊಳಗೇ ಪೆಟ್ರೋಲು ಸಾಕಾಗುತ್ತದೆ. ಅಷ್ಟಕ್ಕಾಗಿ ಯಾರೂ ಸೈಕಲ್ ಹತ್ತುವುದಿಲ್ಲ.

ಬೆವರಿನ ಮಾತು ಬಂದೇ ಬರುತ್ತದೆ. ಕಚೇರಿಗೆ ಬೆವರಿದ ಅಂಗಿಯಲ್ಲಿ ಹೋಗುವುದು ಹೇಗೆ ಎಂದು ಕೇಳುವವರು ಭಾನುವಾರದ ಅನುಭವವನ್ನೇ ಸೋಮವಾರಕ್ಕೂ ಅಂಟಿಸುತ್ತಾರೆ. ಗುಂಪಿನಲ್ಲಿ ಹೊರಟಾಗ ಒಬ್ಬರನ್ನೊಬ್ಬರು ಮೀರಿಸುವ ಹುರುಪಿನಲ್ಲಿ ಗಂಟೆಗೆ 28 ಕಿಲೋಮೀಟರ್ ವೇಗ ತಲುಪುವ ಸವಾರ, ಪೇಟೆಯೊಳಗೆ 14ರಲ್ಲಿ ಸಾಗಿದರೆ ಅವನಿಗೆ ಎದುರಾಗುವ ಗಾಳಿಯ ತಡೆ ಅರ್ಧಕ್ಕಲ್ಲ, ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿಯಂತೂ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೆಲ್ಲಗೆ ತುಳಿಯುವವನು ಬಸ್ಸಿನಲ್ಲಿ ನಿಂತು ಬಂದವನಿಗಿಂತ ಹೆಚ್ಚು ಬೆವರುವುದಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲು ಬೇರೆ ಮಾತು; ಆ ಎರಡು ತಿಂಗಳು ಸೈಕಲ್ ಮನೆಯಲ್ಲಿರಲಿ. ಉಳಿದ ಹತ್ತು ತಿಂಗಳಿಗೆ ಅದನ್ನು ಕಾರಣ ಮಾಡುವುದು ಸರಿಯಲ್ಲ.

ಈ ಊರಿಗೆ ಸೈಕಲ್ ಹೊಸದೂ ಅಲ್ಲ. ಹತ್ತಿ ಗಿರಣಿಗಳು ತುಂಬಿ ಓಡುತ್ತಿದ್ದ, ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ದುಡಿಯುವವರ ವಾಹನ ಇದೇ ಆಗಿತ್ತು. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು ಒಳಪೆಡಲು ಹೊಡೆಯುತ್ತಾ ಕಲಿತವರು, ಡೈನಮೋ ಇಲ್ಲದ್ದಕ್ಕೋ ಡಬಲ್ ರೈಡಿಂಗಿಗೋ ಪೊಲೀಸರ ಕೈಗೆ ಸಿಕ್ಕಿ ಬೈಸಿಕೊಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಸಂಜೆ ಬೀದಿದೀಪ ಹತ್ತಿದ ಮೇಲೆ ದೀಪವಿಲ್ಲದ ಸೈಕಲ್ಲನ್ನು ತಡೆಯುವಷ್ಟು ಗಂಭೀರವಾಗಿ ಆಡಳಿತ ಅದನ್ನು ವಾಹನವೆಂದು ಪರಿಗಣಿಸಿದ್ದ ಕಾಲವದು. ಇಂದು ಅದು ಆಟಿಕೆಯ ಪಟ್ಟಿಗೆ ಸೇರಿದೆ. ಸೈಕಲ್ ತಯಾರಿಸುವ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದೇ, ಉತ್ಪಾದನೆ ನಿಲ್ಲಿಸಿದ್ದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ನನ್ನ ವಾದದ ತಿರುಳು ಇಲ್ಲಿಂದ ಮುಂದೆ ಇದೆ. ಬೆಳಗಿನ ಆರು ಗಂಟೆಗೆ ಖಾಲಿ ರಸ್ತೆಯಲ್ಲಿ ಸಾಗುವವನಿಗೆ ಈ ನಗರದ ರಸ್ತೆ ಸೈಕಲ್ಲನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಎಂದೂ ಗೊತ್ತಾಗುವುದಿಲ್ಲ. ಚರಂಡಿಯ ಕಬ್ಬಿಣದ ಸರಳುಗಳು ಚಕ್ರಕ್ಕೆ ಸಮಾನಾಂತರವಾಗಿದ್ದರೆ ಸಣ್ಣ ಟೈರು ಒಳಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಹತ್ತು ಗಂಟೆಗೆ ರಸ್ತೆಯ ಅಂಚಿಗೆ ಒತ್ತಲ್ಪಟ್ಟವನಿಗೆ ಮಾತ್ರ ತಿಳಿಯುತ್ತದೆ. ಇಂಥದ್ದನ್ನು ಪಾಲಿಕೆಗೆ ಬರೆದು ತಿಳಿಸಬಲ್ಲ, ಸಭೆಯಲ್ಲಿ ಎದ್ದು ನಿಂತು ಕೇಳಬಲ್ಲ, ಅಧಿಕಾರಿಗಳೂ ಕಿವಿಗೊಡುವ ಜನ ಈ ವಿಹಾರದ ಸವಾರರೇ. ಅವರು ನಿತ್ಯ ರಸ್ತೆಗೆ ಇಳಿಯದಿದ್ದರೆ ಸೈಕಲ್ಲಿನ ದೂರು ದಾಖಲಾಗುವುದೇ ಇಲ್ಲ. ಸಂಖ್ಯೆಗೂ ತನ್ನದೇ ರಕ್ಷಣೆ ಇದೆ: ವೃತ್ತವೊಂದರಲ್ಲಿ ಒಂದೇ ಸೈಕಲ್ ಇದ್ದರೆ ಬಸ್ಸಿನ ಚಾಲಕ ಅದನ್ನು ಗಮನಿಸುವುದಿಲ್ಲ, ಹತ್ತಿದ್ದರೆ ನಿಧಾನಿಸಲೇಬೇಕಾಗುತ್ತದೆ.

ಇದಕ್ಕೆ ಬೇಕಾಗುವ ಸಿದ್ಧತೆ ದೊಡ್ಡದಲ್ಲ. ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನ ಮಾದರಿಯಾದ ಹೈಬ್ರಿಡ್ ಸೈಕಲ್ಲಿಗೆ ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು, ಹಿಂದೆ ಕೆಂಪು ದೀಪ ಹಾಕಿಸಿಕೊಂಡರೆ ಅದು ಕಚೇರಿಗೆ ಯೋಗ್ಯವಾಗುತ್ತದೆ. ತೆಳು ಟೈರಿನ ದುಬಾರಿ ರೋಡ್ ಬೈಕನ್ನು ಬೀದಿಯಲ್ಲಿ ಬೀಗ ಹಾಕಿ ನಿಲ್ಲಿಸಿ ಎಂದು ನಾನೂ ಹೇಳಲಾರೆ. ಅಂಥವರು ಹಳೆಯ ಮಾದರಿಯ ಗಟ್ಟಿ ಸೈಕಲ್ಲೊಂದನ್ನು ಬೇರೆಯಾಗಿ ಇಟ್ಟುಕೊಳ್ಳಲಿ. 2025ರ ಸೆಪ್ಟೆಂಬರಿನಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿರುವುದರಿಂದ ಆ ಖರ್ಚೂ ಸ್ವಲ್ಪ ಹಗುರಾಗಿದೆ.

ವಿರೋಧ

ಮೇಲಿನ ಲೆಕ್ಕಗಳಲ್ಲಿ ತಪ್ಪಿಲ್ಲ. ಆದರೆ ಅವು ನಕ್ಷೆಯ ಮೇಲೆ ಗೆರೆ ಎಳೆದು ಹಾಕಿದ ಲೆಕ್ಕಗಳು. ದಾವಣಗೆರೆಯನ್ನು ರೈಲು ಹಳಿ ಸೀಳಿಕೊಂಡು ಹೋಗುತ್ತದೆ. ಹಳೇ ಊರು ಒಂದು ಮಗ್ಗುಲಿಗೆ, ವಿದ್ಯಾನಗರ, ಎಂಸಿಸಿ ಬಡಾವಣೆಗಳು ಇನ್ನೊಂದು ಮಗ್ಗುಲಿಗೆ ಇವೆ. ಐದು ಕಿಲೋಮೀಟರಿನ ಓಡಾಟವೆಂದರೆ ಬಹುಪಾಲು ಈ ಹಳಿಯನ್ನು ಎಲ್ಲಾದರೊಂದು ಕಡೆ ದಾಟುವುದೇ ಆಗಿದೆ. ದಾಟುವ ಜಾಗಗಳು ಕೆಲವೇ ಆದ್ದರಿಂದ ಊರಿನ ಬಸ್ಸು, ಆಟೊ, ಲಾರಿ, ಶಾಲಾ ವಾಹನಗಳೆಲ್ಲ ಅಲ್ಲೇ ಒತ್ತೊತ್ತಾಗಿ ನುಗ್ಗುತ್ತವೆ. ಜೋರು ಮಳೆ ಬಂದರೆ ಕೆಳಸೇತುವೆಯಲ್ಲಿ ನೀರು ನಿಂತು, ನೀರಿನಡಿಯ ಗುಂಡಿ ಕಾಣದಂತಾಗುತ್ತದೆ. ಕೆಳಸೇತುವೆಯಿಂದ ಮೇಲೇರುವಾಗ ಸೈಕಲ್ಲಿನ ವೇಗ ಕಾಲ್ನಡಿಗೆಯಷ್ಟಕ್ಕೆ ಇಳಿಯುತ್ತದೆ. ಸವಾರ ತೂಗಾಡುವುದು ಅಲ್ಲೇ, ಹಿಂದಿನ ವಾಹನ ಹಾರ್ನ್ ಒತ್ತುತ್ತಾ ಮೈಮೇಲೆ ಬರುವುದೂ ಅಲ್ಲೇ. ವಾಹನಗಳ ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಮಾರಣಾಂತಿಕ ಅಪಘಾತದ ಸಂಭವ ಶೇ 4ರಷ್ಟು ಹೆಚ್ಚುತ್ತದೆ ಎಂದು ಪರಪಕ್ಷದವರು ಉಲ್ಲೇಖಿಸಿದ ಅದೇ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ವಾರಕ್ಕೆ 200 ನಿಮಿಷಗಳ ವ್ಯಾಯಾಮದ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಇಟ್ಟು ನೋಡಬೇಕು.

ಹತ್ತು ಸೈಕಲ್ ಇದ್ದರೆ ಬಸ್ಸು ನಿಧಾನಿಸುತ್ತದೆ ಎನ್ನುವುದು ನಿಜವೇ ಇರಬಹುದು. ಹತ್ತನೆಯದು ಬರುವವರೆಗೆ ಮೊದಲ ಒಂಬತ್ತು ಮಂದಿಯನ್ನು ಕಾಯುವವರು ಯಾರು?

ವಿಹಾರದ ಸವಾರಿಯನ್ನು ಅರೆಬರೆ ಸೈಕ್ಲಿಂಗ್ ಎಂಬಂತೆ ಕಾಣುವ ಧಾಟಿಯೂ ನನಗೆ ಒಪ್ಪಿಗೆಯಿಲ್ಲ. ಆ ಸವಾರಿಯ ಸುಖವಿರುವುದು ಅದಕ್ಕೆ ಗಂಟೆಯ ಕಟ್ಟು ಇಲ್ಲದಿರುವುದರಲ್ಲಿ. ಆಷಾಢದಲ್ಲಿ ಪಡುವಣ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಆನಗೋಡು, ಭರಮಸಾಗರ ದಾಟಿ ಅರವತ್ತು ಕಿಲೋಮೀಟರ್ ದೂರದ ಚಿತ್ರದುರ್ಗ ಸೇರಿದವನಿಗೆ, ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಕಂಡ ಮೇಲೆ ಹಿಂದಿರುಗುವಾಗ ಏನು ಕಾದಿದೆ ಎಂದು ಅರ್ಥವಾಗುತ್ತದೆ. ಚಿತ್ರದುರ್ಗ ಸಮುದ್ರಮಟ್ಟದಿಂದ ದಾವಣಗೆರೆಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದರೂ ಅಂಥ ದಿನ ಇಳಿಜಾರಿನ ಮರುಪಯಣವೇ ಏರಿಗಿಂತ ಕಷ್ಟ. ಸಾಕೆನಿಸಿದರೆ ನಡುವೆ ನಿಲ್ಲಬಹುದು, ಮಿರ್ಚಿ ಮಂಡಕ್ಕಿ ತಿನ್ನಬಹುದು, ಸೈಕಲ್ಲನ್ನು ಯಾವುದಾದರೂ ವಾಹನಕ್ಕೆ ಹಾಕಿ ಮನೆಗೆ ಬರಬಹುದು. ಸುಗ್ಗಿಯಲ್ಲಿ ಹಳ್ಳಿಯ ರಸ್ತೆಗಳಿಗೆ ಹುರುಳಿಯನ್ನೋ ರಾಗಿಯನ್ನೋ ಒಕ್ಕಣೆಗೆ ಹರಡಿರುತ್ತಾರೆ. ಸೊಪ್ಪು ಸುತ್ತಿಕೊಂಡ ಚೈನನ್ನು ಬಿಡಿಸುತ್ತಾ ಕೂತರೂ ಬೇಸರವಾಗುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ ಪಂಕ್ಚರ್ ಆದರೆ ಭಾನುವಾರ ಅದು ಗೆಳೆಯರ ನಡುವಿನ ಕಥೆ. ಸೋಮವಾರ ಅದು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ. ಕಟ್ಟುನಿಟ್ಟು ಬೇಕೆನ್ನುವವರಿಗೆ ಬ್ರೆವೆ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಿವೆ: 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದೊಳಗೆ, 300ನ್ನು 20 ಗಂಟೆಯೊಳಗೆ, 600ನ್ನು 40 ಗಂಟೆಯೊಳಗೆ ಮುಗಿಸಬೇಕು. ಅದಕ್ಕಾಗಿ ತಯಾರಾಗುವವನು ಕಚೇರಿಗೂ ಸೈಕಲ್ಲಿನಲ್ಲೇ ಹೋಗಿ ತನ್ನ ನಿಷ್ಠೆಯನ್ನು ರುಜುವಾತು ಮಾಡಬೇಕಿಲ್ಲ.

ಪರಪಕ್ಷದ ವಾದದಲ್ಲಿ ನನ್ನನ್ನು ಹೆಚ್ಚು ಕಾಡುವುದು ಒಂದು ಗೈರುಹಾಜರಿ. ದಾವಣಗೆರೆಯಲ್ಲಿ ನಿತ್ಯ ಸೈಕಲ್ ತುಳಿದು ಕೆಲಸಕ್ಕೆ ಹೋಗುವವರು ಈಗಲೂ ಇದ್ದಾರೆ. ಮಂಡಕ್ಕಿ ಬಟ್ಟಿಯ ಕೆಲಸಗಾರರು, ಕಟ್ಟಡದ ಕೂಲಿಗಳು, ರಾತ್ರಿ ಪಾಳಿಯ ಕಾವಲುಗಾರರು ಹೆಲ್ಮೆಟ್ಟಿಲ್ಲದೆ, ಹಿಂದಿನ ದೀಪವಿಲ್ಲದೆ, ಬುತ್ತಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಹೋಗುತ್ತಾರೆ. ಅವರಿಗೆ ಕೈಯಲ್ಲಿ ನಾಲ್ಕು ಕಾಸು ಕೂಡಿದ ಕೂಡಲೇ ಮಾಡುವ ಮೊದಲ ಕೆಲಸ ಸೆಕೆಂಡ್ ಹ್ಯಾಂಡ್ ಟಿವಿಎಸ್ ಎಕ್ಸ್‌ಎಲ್ ಕೊಳ್ಳುವುದು. ಅದು ಸೋಮಾರಿತನವಲ್ಲ. ದಿನವಿಡೀ ಸಿಮೆಂಟ್ ಹೊತ್ತ ಮೈಗೆ ಸಂಜೆಯ ಐದು ಕಿಲೋಮೀಟರ್ ವ್ಯಾಯಾಮವಾಗುವುದಿಲ್ಲ. ಕುರ್ಚಿಯಲ್ಲಿ ಕೂತು ದುಡಿಯುವವರ ದೇಹಕ್ಕೆ ಹೊಂದುವ ಸಲಹೆಯನ್ನು ಊರಿಗೆಲ್ಲ ಹೊಂದುವ ಸಾರಿಗೆ ನೀತಿಯೆಂದು ಹೇಳಬಾರದು. ವೈದ್ಯರು ಗೇರ್ ಸೈಕಲ್ಲಿನಲ್ಲಿ ಬಂದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಅವರ ಆಸ್ಪತ್ರೆಯ ಕಾವಲುಗಾರ ಮೊದಲಿನಿಂದಲೂ ಸೈಕಲ್ಲಿನಲ್ಲೇ ಬರುತ್ತಿದ್ದಾನೆ.

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ರಾಜ್ಯ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ಆರಂಭಿಸಿದಾಗ, ಹಳ್ಳಿಯ ರಸ್ತೆಗಳಲ್ಲಿ ಸಮವಸ್ತ್ರದ ಹುಡುಗಿಯರು ಸಾಲುಸಾಲಾಗಿ ಸೈಕಲ್ ತುಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಹತ್ತನೇ ತರಗತಿ ಮುಗಿಯುತ್ತಲೇ ಅವರಲ್ಲಿ ಹೆಚ್ಚಿನವರು ಬಸ್ಸಿಗೋ ಸ್ಕೂಟಿಗೋ ಸರಿದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲಂತೂ ಸರ್ಕಾರಿ ಬಸ್ಸು ಅವರಿಗೆ ಉಚಿತ. ತೋಳಹುಣಸೆಯ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವ ಹುಡುಗಿಗೆ ದುಡ್ಡಿಲ್ಲದೆ ನೆರಳಿನಲ್ಲಿ ಕೂತು ಹೋಗುವ ದಾರಿ ಇರುವಾಗ, ಲಾರಿಗಳ ಪಕ್ಕ ಸೈಕಲ್ ತುಳಿಯಬೇಕೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆಕೆಗೆ ಬೇಕಿರುವುದು ಇನ್ನೂ ನಾಲ್ಕು ಬಸ್ಸು.

ಸೈಕಲ್ ಬೇಡವೆಂದು ನಾನು ಹೇಳುತ್ತಿಲ್ಲ. ಕರೆ ಯಾರಿಗೆ ಹೋಗಬೇಕು ಎಂಬುದರಲ್ಲಿ ನಮ್ಮ ಜಗಳವಿದೆ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾದದ್ದು ಸಾರ್ವಜನಿಕ ಹಣ ಮತ್ತು ಯೋಜನೆಯಿಂದ, ಒಬ್ಬೊಬ್ಬರ ಮನಃಪರಿವರ್ತನೆಯಿಂದಲ್ಲ. ದಾವಣಗೆರೆಯಂತೂ 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲೇ ಇತ್ತು. ಮನೆಗಳಿಂದ ಶಾಲೆಗಳಿಗೆ ವಾಹನಗಳಿಂದ ಬೇರ್ಪಟ್ಟ ಸೈಕಲ್ ದಾರಿ, ಹಳಿ ದಾಟಲು ಸೈಕಲ್ಲಿಗೂ ಪಾದಚಾರಿಗೂ ಮೀಸಲಾದ ಒಂದು ಕಿರುದಾರಿ, ಪೇಟೆಯೊಳಗೆ ಗಂಟೆಗೆ 30 ಕಿಲೋಮೀಟರಿನ ವೇಗಮಿತಿ: ಈ ಮೂರರ ಬಗ್ಗೆ ಪಾಲಿಕೆಯನ್ನು ಕೇಳಲು ದಿನವೂ ಸೈಕಲ್ ತುಳಿದಿರಲೇಬೇಕೆಂದೇನಿಲ್ಲ. ಹದಡಿ ರಸ್ತೆಯಲ್ಲಿ ಬೆಳಗಿನ ಒಂಬತ್ತೂವರೆಗೆ ತಮ್ಮ ಹದಿಮೂರು ವರ್ಷದ ಮಗುವನ್ನು ಒಂಟಿಯಾಗಿ ಸೈಕಲ್ಲಿನಲ್ಲಿ ಕಳಿಸಲು ಭಾನುವಾರದ ಸವಾರರಲ್ಲಿ ಎಷ್ಟು ಮಂದಿ ಒಪ್ಪುತ್ತಾರೋ ನೋಡೋಣ. ಅವರು ಒಪ್ಪುವಂಥ ರಸ್ತೆ ಬರುವ ತನಕ, ಕಚೇರಿಗೆ ಸೈಕಲ್ ತನ್ನಿ ಎಂಬ ಕರೆಗೆ ನನ್ನ ಸಹಿ ಇಲ್ಲ.