ಸತ್ಯಾಂಶ: ಟೇಲರ್ ಸ್ವಿಫ್ಟ್ ಹಾಡಿಗೆ ಭೂಕಂಪ ಆಯಿತೇ?

"ಟೇಲರ್ ಸ್ವಿಫ್ಟ್ ಹಾಡಿದ್ದಕ್ಕೆ ಅಮೆರಿಕದಲ್ಲಿ ಭೂಕಂಪವಾಯಿತು, ಭೂಮಿತಾಯಿಗೇ ಸಿಟ್ಟು ಬಂತು" ಎಂಬ ಸಂದೇಶ ಹಾಸನದ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಮತ್ತೆ ಬಂದಿದೆ.

ಭೂಕಂಪ ಆಗಿಲ್ಲ. 2023ರ ಜುಲೈನಲ್ಲಿ ಅಮೆರಿಕದ ಸಿಯಾಟಲ್ ನಗರದ ಕ್ರೀಡಾಂಗಣದಲ್ಲಿ ಈ ಗಾಯಕಿ ಎರಡು ರಾತ್ರಿ ಹಾಡಿದಾಗ, ಬಳಿಯ ಭೂಕಂಪಮಾಪಕ ನೆಲದ ಅದುರಾಟ ದಾಖಲಿಸಿದ್ದು ನಿಜ; ಅದು 2.3 ತೀವ್ರತೆಯ ಕಂಪನಕ್ಕೆ ಸಮ ಎಂದು ಭೂಕಂಪ ತಜ್ಞರು ಲೆಕ್ಕ ಹಾಕಿದರು. ಆದರೆ ಭೂಕಂಪ ಹುಟ್ಟುವುದು ಆಳದಲ್ಲಿ ಬಂಡೆ ಜಾರಿದಾಗ. ಇಲ್ಲಿ ಅದುರಿಸಿದ್ದು ಧ್ವನಿವರ್ಧಕಗಳು, ತಾಳಕ್ಕೆ ಕುಣಿದ ಸಾವಿರಾರು ಕಾಲುಗಳು. ಎರಡೂ ರಾತ್ರಿ ಮಾಪಕದ ಗೆರೆಗಳು ಹೆಚ್ಚುಕಮ್ಮಿ ಒಂದೇ ಥರ ಮೂಡಿದವು. ಬೇಲೂರಿನ ತೇರು ಹೊರಟಾಗ ಅಂಗಾಲಿಗೆ ತಾಗುವ ಅದುರು ಗೊತ್ತಿದ್ದವರಿಗೆ ಇದು ಹೊಸದಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿದ್ದು ಆ ಅಭಿಮಾನಿ ಹುಡುಗಿಯರು: ಮನೆಯಲ್ಲೇ ಮಣಿ ಪೋಣಿಸಿ ತಂದು, ಗುರುತೇ ಇಲ್ಲದವರ ಕೈಗೆ ಕಟ್ಟುತ್ತಿದ್ದರು.