ದಿನಾ ನುಂಗುವ ಗ್ಯಾಸ್ ಮಾತ್ರೆ ಮತ್ತು ಹೃದಯದ ಬಡಿತ

ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ನುಂಗುವವರು ನಮ್ಮಲ್ಲಿ ಎಷ್ಟೋ ಜನ. ಅದೂ ವರ್ಷಗಟ್ಟಲೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳುವುದೂ ಅಪರೂಪ. ಸ್ಟ್ರಿಪ್‌ನ ಹಿಂದೆ ಒಮ್ಮೆ ಓದಿ ನೋಡಿ. ಬಹಳ ಸಲ ಅದರಲ್ಲಿ ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಎಂಬ ಇನ್ನೊಂದು ಔಷಧವೂ ಇರುತ್ತದೆ. ನನ್ನ ಚಿಂತೆ ಅದರ ಬಗ್ಗೆ.

ಹೃದಯ ಒಮ್ಮೆ ಬಡಿದ ಮೇಲೆ ಮುಂದಿನ ಬಡಿತಕ್ಕೆ ಸಿದ್ಧವಾಗಬೇಕು. ಅದಕ್ಕೆ ಜೀವಕೋಶಗಳಿಂದ ಪೊಟ್ಯಾಶಿಯಂ ಹೊರಗೆ ಹರಿಯಬೇಕು. ಡೊಂಪೆರಿಡೋನ್‌ನಂಥ ಕೆಲವು ಔಷಧಗಳು ಆ ದಾರಿಗೇ ಅಡ್ಡ ನಿಲ್ಲುತ್ತವೆ. ಆಗ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗುತ್ತದೆ. 500 ಮಿಲಿಸೆಕೆಂಡ್ ದಾಟಿದರೆ ಅಪಾಯ ಜಾಸ್ತಿ. ಬಡಿತ ಇದ್ದಕ್ಕಿದ್ದಂತೆ ತಾಳ ತಪ್ಪಿ, ಮನುಷ್ಯ ನಿಂತಲ್ಲೇ ಕುಸಿಯಬಹುದು. ಜೀವವೇ ಹೋಗಬಹುದು. ಎದೆಯುರಿಗೆ ಕೊಡುತ್ತಿದ್ದ ಸಿಸಾಪ್ರೈಡ್ ಎಂಬ ಮಾತ್ರೆಯನ್ನು ಇದೇ ಕಾರಣಕ್ಕೆ ಅಮೆರಿಕದಲ್ಲಿ 2000ದಲ್ಲಿ ಮಾರುಕಟ್ಟೆಯಿಂದ ತೆಗೆದರು. ನಮ್ಮಲ್ಲಿ ಅದು ನಿಲ್ಲಲು 2011 ಬರಬೇಕಾಯಿತು.

ಡೊಂಪೆರಿಡೋನ್ ಬಗ್ಗೆ ಯುರೋಪಿನ ಔಷಧ ಸಂಸ್ಥೆ 2014ರಲ್ಲೇ ಎಚ್ಚರಿಸಿದೆ. ವಾಕರಿಕೆ, ವಾಂತಿಗೆ ಮಾತ್ರ ಕೊಡಿ. ಒಂದು ಸಲಕ್ಕೆ 10 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರ ಮೀರಬಾರದು. ನಮ್ಮಲ್ಲಿ 30 ಮಿಲಿಗ್ರಾಂ ಇರುವ ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ನುಂಗುತ್ತಾರೆ. ಬರೀ ಎದೆಯುರಿ ಇದ್ದವರಿಗೆ ಇದು ಯಾಕೆ ಬೇಕು? ಇದನ್ನು ಹೀಗೆ ಸಲೀಸಾಗಿ ಮಾರುವುದು ನಿಲ್ಲಲೇಬೇಕು.

ಇದೊಂದನ್ನೇ ತೆಗೆದುಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ನಿಜ. ತೊಂದರೆ ಇರುವುದು ಜೊತೆ ಸೇರುವುದರಲ್ಲಿ. ಗಜಕರ್ಣಕ್ಕೆ ಫ್ಲುಕೊನಜೋಲ್, ಕೆಮ್ಮಿಗೆ ಅಜಿಥ್ರೊಮೈಸಿನ್, ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ. ಮೊದಲೆರಡೂ ಕ್ಯೂಟಿಯನ್ನು ಉದ್ದ ಮಾಡಬಲ್ಲವು. ಮೂರನೆಯದು ರಕ್ತದ ಪೊಟ್ಯಾಶಿಯಂ ಇಳಿಸಬಲ್ಲದು, ಅದು ಇಳಿದರೂ ಕ್ಯೂಟಿ ಉದ್ದವಾಗುತ್ತದೆ. ಮೇಲೆ ಎರಡು ದಿನ ಭೇದಿಯಾದರೆ ಪೊಟ್ಯಾಶಿಯಂ ಇನ್ನೂ ಇಳಿಯುತ್ತದೆ. ಪ್ಯಾಂಟೊಪ್ರಜೋಲನ್ನೇ ಬಹಳ ಕಾಲ ತೆಗೆದುಕೊಂಡರೆ ಕೆಲವರಲ್ಲಿ ಮೆಗ್ನೀಶಿಯಂ ಕೂಡ ಕಡಿಮೆಯಾಗುತ್ತದೆ, ಅದೂ ಬಡಿತಕ್ಕೆ ಒಳ್ಳೆಯದಲ್ಲ. ವಯಸ್ಸಾದವರಿಗೆ, ಹೆಂಗಸರಿಗೆ, ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಚರ್ಮದ ಡಾಕ್ಟರಿಗೆ ಗ್ಯಾಸ್ ಮಾತ್ರೆ ಗೊತ್ತಿರುವುದಿಲ್ಲ, ಏಕೆಂದರೆ ಅದು ಔಷಧ ಅಂತಲೇ ನಾವು ಹೇಳಿರುವುದಿಲ್ಲ ಅಲ್ವಾ?

ಅದಕ್ಕೇ ಕೇಳಿಕೊಳ್ಳುತ್ತೇನೆ. ಯಾವ ಡಾಕ್ಟರ ಹತ್ತಿರ ಹೋದರೂ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಇಸಿಜಿ, ಪೊಟ್ಯಾಶಿಯಂ ಪರೀಕ್ಷೆ ಬೇಕಾ ಎಂದು ನೀವೇ ಕೇಳಿ. ಹೃದಯದ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆಗಳಲ್ಲೂ ಕೆಲವು ಕ್ಯೂಟಿಯನ್ನು ಉದ್ದ ಮಾಡುತ್ತವೆ, ಆದರೆ ಹೆದರಿ ಅವನ್ನು ನೀವಾಗೇ ನಿಲ್ಲಿಸಬೇಡಿ. ಹೊಸ ಮಾತ್ರೆ ಶುರುವಾದ ಮೇಲೆ ಮನೆಯ ಹಿರಿಯರು ತಲೆ ಸುತ್ತಿ ಬಿದ್ದರೆ ನಿಶ್ಶಕ್ತಿ ಅಂತ ಗ್ಲೂಕೋಸ್ ಕುಡಿಸಿ ಸುಮ್ನಾಗಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆ ಮಾತ್ರೆಯ ಹೆಸರು ಹೇಳಿ.