ದುಡ್ಡು ಕೊಟ್ಟವರು ಒಂದು ಸಲವಾದರೂ ಹೋಗಿ ನೋಡಬೇಕಿತ್ತು

ನಿನ್ನೆ ಸಂಜೆಯಿಂದ ತಲೆ ಕಾದುಹೋಗಿದೆ. ವಲಸೆಯ ಚರಿತ್ರೆ ಬಗ್ಗೆ ಉಪನ್ಯಾಸಕ್ಕೆ ಹೋಗಿದ್ದೆ. ಅರ್ಜೆಂಟೀನಾದಲ್ಲಿ ಯಹೂದಿಗಳಿಗೆ ನೆಲೆ ಕಟ್ಟಲು ಹೊರಟ ಬ್ಯಾರನ್ ಮೌರಿಸ್ ದ ಹಿರ್ಶ್‌ನ ವಿಷಯ ಬಂತು. "ಪುಣ್ಯಾತ್ಮ ದುಡ್ಡು ಸುರಿದ, ಆದರೆ ಅಂಗಡಿ ಇಟ್ಟುಕೊಂಡಿದ್ದ ಜನಕ್ಕೆ ಬೇಸಾಯ ಒಗ್ಗಲಿಲ್ಲ" ಅಂತ ಭಾಷಣಕಾರರು ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ಸಭೆಯೂ ತಲೆಯಾಡಿಸಿತು.

ನಾನು ಮುಳುಗಡೆಯಲ್ಲಿ ಊರು ಕಳೆದುಕೊಂಡ ಮನೆತನದವಳು. ಊರು ಬಿಟ್ಟು ಬಂದವರ ತಲೆಗೇ ತಪ್ಪು ಕಟ್ಟುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹಿರ್ಶ್ ದೊಡ್ಡ ಮನಸ್ಸಿನವನೇ. ತುರ್ಕಿಯ ರೈಲುದಾರಿ ಹಾಕಿಸಿ ಗಳಿಸಿದ ಆಸ್ತಿ. ಒಬ್ಬನೇ ಮಗ ಲೂಸಿಯೆನ್ 1887ರಲ್ಲಿ ತೀರಿಕೊಂಡ. ಇನ್ನು ಮನುಷ್ಯಕುಲವೇ ನನ್ನ ವಾರಸುದಾರ ಅಂದುಬಿಟ್ಟ ತಂದೆ. ರಷ್ಯಾದ ಯಹೂದಿ ಮಕ್ಕಳ ಶಾಲೆಗಳಿಗೆ 5 ಕೋಟಿ ಫ್ರಾಂಕ್ ಕೊಡಲು ಮುಂದಾದ. ಆ ಹಣದ ಮೇಲೆ ತನ್ನದೇ ಹಿಡಿತ ಇರಬೇಕೆಂದು ಝಾರ್ ಸರ್ಕಾರ ಹಟ ಹಿಡಿದು ಮಾತುಕತೆ ಮುರಿದುಬಿತ್ತು. ಹಾಗಾದರೆ ಅಲ್ಲಿ ಕಿರುಕುಳ ಉಣ್ಣುತ್ತಿದ್ದ ಜನರನ್ನೇ ಬಿಡಿಸುತ್ತೇನೆಂದು 1891ರಲ್ಲಿ 20 ಲಕ್ಷ ಪೌಂಡ್ ಬಂಡವಾಳ ಹಾಕಿ ಯಹೂದಿ ವಸಾಹತು ಸಂಘ ಕಟ್ಟಿದ. 25 ವರ್ಷದಲ್ಲಿ 32 ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸುವ ಲೆಕ್ಕಾಚಾರ. 1896ರಲ್ಲಿ ಅವನು ಸಾಯುವ ಹೊತ್ತಿಗೆ ಅರ್ಜೆಂಟೀನಾದ ವಸಾಹತುಗಳಲ್ಲಿ ಹತ್ತು ಸಾವಿರ ಜನವೂ ಇರಲಿಲ್ಲ.

ಸೋತಿದ್ದು ನಿಜ. ಆದರೆ ಹಿರ್ಶ್ ಒಂದು ಸಲವೂ ಅರ್ಜೆಂಟೀನಾಕ್ಕೆ ಹೋಗಲಿಲ್ಲ. ಇದನ್ನು ನಿನ್ನೆ ಯಾರೂ ಹೇಳಲಿಲ್ಲ!

ಅವನ ಯೋಜನೆ ಹುಟ್ಟಿದ್ದೇ ಒಬ್ಬರು ಕಣ್ಣಾರೆ ಕಂಡದ್ದರಿಂದ. 1889ರಲ್ಲಿ ವೆಸರ್ ಎಂಬ ಹಡಗಿನಲ್ಲಿ ಎಂಟುನೂರಕ್ಕೂ ಹೆಚ್ಚು ಯಹೂದಿಗಳು ಬ್ಯೂನಸ್ ಐರಿಸ್‌ಗೆ ಬಂದಿಳಿದರು. ಮಾತಾಗಿದ್ದ ಜಮೀನು ಸಿಗಲಿಲ್ಲ. ಸಾಂತಾ ಫೆ ಪ್ರಾಂತ್ಯದ ಪಲಾಸಿಯೋಸ್ ರೈಲು ನಿಲ್ದಾಣದಲ್ಲಿ, ಗೂಡ್ಸ್ ಡಬ್ಬಿಗಳಲ್ಲಿ ದಿನ ತಳ್ಳಿದರು. ಮನೆಯಿಲ್ಲ, ಸಲಕರಣೆಯಿಲ್ಲ. ರೈಲ್ವೆ ಕೂಲಿಗಳು ಮಕ್ಕಳ ಕೈಗೆ ತಿನ್ನಲು ಏನಾದರೂ ಹಾಕಿದರೆ ಉಂಟು. 60ಕ್ಕೂ ಹೆಚ್ಚು ಮಕ್ಕಳು ರೋಗ ಬಂದು ಅಲ್ಲೇ ತೀರಿಹೋದವು. ಆ ದಾರಿಯಲ್ಲಿ ಬಂದ ವೈದ್ಯ ವಿಲ್ಹೆಲ್ಮ್ ಲೋವೆಂಥಾಲ್ ಇದನ್ನು ನೋಡಿ ಪ್ಯಾರಿಸ್‌ನ ಯಹೂದಿ ಸಂಸ್ಥೆಗೆ ಬರೆದ. ಅದು ಹಿರ್ಶ್‌ನ ಮನಸ್ಸಿಗೆ ತಟ್ಟಿತು. ಆಮೇಲೆ ಅದೇ ಲೋವೆಂಥಾಲ್‌ನನ್ನೂ ಸಂಘದ ಕೆಲಸದಲ್ಲಿ ಹೆಚ್ಚು ದಿನ ಉಳಿಸಿಕೊಳ್ಳಲಿಲ್ಲ.

ಆಮೇಲಿನದೆಲ್ಲ ಸಂಘದ ಪ್ಯಾರಿಸ್ ಕಚೇರಿಯ ದರ್ಬಾರು. ಜಮೀನು ಕಂತಿನ ಮೇಲೆ, ಹಕ್ಕುಪತ್ರ ಮಾತ್ರ ಸಂಘದ ಕೈಯಲ್ಲಿ. ಎದುರು ಮಾತಾಡಿದ ಕುಟುಂಬಗಳನ್ನು ಹೊರಹಾಕಿದರು. ಮಿಡತೆ ಬಂದು ಬೆಳೆ ತಿಂದ ವರ್ಷವೂ ರೈತನ ಮೇಲೆಯೇ ಅನುಮಾನ. ಬೆಳೆದ ಮಗನಿಗೆ ಅಪ್ಪನ ಹೊಲದ ಪಕ್ಕದಲ್ಲಿ ತುಂಡು ನೆಲ ಕೇಳಿದರೂ ಕೊಡದೆ ಸತಾಯಿಸಿದರು. ಹುಡುಗರು ಪಟ್ಟಣ ಸೇರದೆ ಇನ್ನೇನು ಮಾಡಬೇಕಿತ್ತು?

ದುಡ್ಡು ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿಲ್ಲವಾ ಅಂತೀರಿ. ಖಂಡಿತ ಇದೆ. ಆದರೆ ಲೆಕ್ಕ ಕೇಳುವುದು ಬೇರೆ, ದುಡಿಯುವವನನ್ನು ಕಳ್ಳನ ಹಾಗೆ ನೋಡುವುದು ಬೇರೆ. 1895ರಲ್ಲಿ, ಯಹೂದಿಗಳಿಗೆ ಸ್ವಂತ ದೇಶವೇ ಬೇಕೆಂದು ಹೊರಟ ಥಿಯೋಡೋರ್ ಹರ್ಜ್ಲ್ ಪ್ಯಾರಿಸ್‌ನಲ್ಲಿ ಹಿರ್ಶ್‌ನ ಮುಂದೆ ಕೂತು, ನಿಮ್ಮ ದಾನ ಜನರನ್ನು ಬೇಡುವವರನ್ನಾಗಿ ಮಾಡುತ್ತದೆ ಎಂಬರ್ಥದಲ್ಲಿ ಮಾತಾಡಿದ. ಅದನ್ನೂ ನಾನು ಒಪ್ಪುವುದಿಲ್ಲ. ಆ ಹೊಲಗಳಲ್ಲಿ ಬೆವರು ಸುರಿಸಿದವರು ಯಾರ ಮುಂದೆ ಕೈಚಾಚಿದ್ದರು?

ಬೇಸಾಯ ಬರಲಿಲ್ಲವಂತೆ! 1900ರಲ್ಲಿ ಬಸವಿಲ್ಬಾಸೋ ಎಂಬ ಊರಲ್ಲಿ ಇದೇ ರೈತರು ಸೇರಿ ಕೃಷಿ ಸಹಕಾರ ಸಂಘ ಕಟ್ಟಿದರು. ಅರ್ಜೆಂಟೀನಾದ ಮೊದಮೊದಲ ಸಹಕಾರ ಸಂಘಗಳಲ್ಲಿ ಅದೂ ಒಂದು. ಅಲ್ಲಿನ ವಸಾಹತಿಗೆ ಲೂಸಿಯೆನ್‌ವಿಲ್ ಅಂತ ಹೆಸರು, ತೀರಿಹೋದ ಆ ಮಗನ ನೆನಪಿಗೆ. ಬೀಜ ಕೊಳ್ಳುವುದು, ಧಾನ್ಯ ಮಾರುವುದು, ಸಾಲ, ಎಲ್ಲಕ್ಕೂ ತಾವೇ ಒಟ್ಟಾದರು. ನೇಗಿಲು ಹಿಡಿಯಲು ಬಾರದವರು ಮಾಡುವ ಕೆಲಸವಾ ಇದು?

ಮುಂದಿನ ಉಪನ್ಯಾಸಕ್ಕೂ ಹೋಗುತ್ತೇನೆ. ಪ್ರಶ್ನೋತ್ತರದಲ್ಲಿ ಮೊದಲು ಕೈ ಎತ್ತುವವಳು ನಾನೇ.